ಓದಿ ಹೇಳುವ ಮನೆ: ಜಟಿಂಗ ರಾಮೇಶ್ವರದ ಬಂಡೆಯಿಂದ ಪಾತುಮ್ಮನ ಆಡಿನವರೆಗೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಜಟಿಂಗ ರಾಮೇಶ್ವರ ಅಂತ ಒಂದು ಬೆಟ್ಟ ಉಂಟು. ಚಳ್ಳಕೆರೆ, ಬಳ್ಳಾರಿ ಕಡೆ ಬೇಕರಿ, ಹೋಟೆಲ್ ಇಟ್ಟುಕೊಂಡಿರುವ ನಮ್ಮವರಿಗೆ ಆ ಬಯಲು ಸೀಮೆಯ ಕಲ್ಲುಬೆಟ್ಟಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಗೊತ್ತು. ಬೆಟ್ಟದ ಮೇಲೆ ರಾಮೇಶ್ವರ ದೇವಸ್ಥಾನ. ಸೀತೆಯನ್ನು ಬಿಡಿಸಲು ಹೋಗಿ ರಾವಣನಿಂದ ರೆಕ್ಕೆ ಕಡಿಸಿಕೊಂಡ ಜಟಾಯು ಬಿದ್ದದ್ದು ಇಲ್ಲೇ ಎಂದು ಅಲ್ಲಿಯ ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ದೇವಸ್ಥಾನದ ಮೆಟ್ಟಿಲಿಗೆ ಎದುರಾಗಿ ಒಂದು ಓರೆ ಬಂಡೆ. ಅದರ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನ. ಅದನ್ನೂ, ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳನ್ನೂ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಜಾತ್ರೆಯ ದಿನ ಬಳೆ ಮಾರುವವರು ಆ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರಿಂದ ಊರವರ ಬಾಯಲ್ಲಿ ಅದು ಬಳೆಗಾರ ಗುಂಡು. ಮೂರು ಶಾಸನಗಳಲ್ಲಿ ಬಹಳ ಸವೆದು ಹೋಗಿರುವುದೂ ಇದೇ.

ಮಕ್ಕಳಿಗೆ ಯಾವ ಪುಸ್ತಕ ಓದಿ ಹೇಳುವುದು ಎಂದು ಬರೆಯಲು ಕುಳಿತು ಈ ಬಂಡೆಯ ಸುದ್ದಿ ಯಾಕೆ ಅಂದರೆ, ಅದರಲ್ಲಿರುವ ಮಾತುಗಳು ಹೆಚ್ಚು ಕಡಿಮೆ ನಾವು ಒಂದನೇ ತರಗತಿಯ ಮಕ್ಕಳಿಗೆ ಕಲಿಸುವ ಪಾಠವೇ. ತಂದೆ ತಾಯಿಯ ಮಾತು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಜೀವಿಗಳ ಮೇಲೆ ದಯೆ ಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವಿಗೆ ಮರ್ಯಾದೆ ಕೊಡಬೇಕು, ನೆಂಟರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಇನ್ನೊಂದು ವಿಷಯ ಇದಕ್ಕಿಂತಲೂ ಮುಖ್ಯ. ಶಾಸನ ತನ್ನನ್ನು ತಾನು ಕರೆದುಕೊಳ್ಳುವುದು ‘ಸಾವಣ’ ಎಂದು. ಶ್ರವಣ ಅನ್ನುತ್ತೇವಲ್ಲ, ಅದೇ ಬೇರಿನ ಮಾತು. ಕೇಳಿಸುವಂಥದ್ದು ಎಂದರ್ಥ. ಒಡಿಶಾದ ಧೌಲಿ ಮತ್ತು ಜೌಗಡದ ಶಾಸನಗಳಲ್ಲಿ ಅಶೋಕ ಇದನ್ನು ಇನ್ನೂ ಬಿಡಿಸಿ ಹೇಳಿದ್ದಾನೆ: ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಜನರಿಗೆ ಓದಿ ಕೇಳಿಸಬೇಕು, ನಡುನಡುವೆ ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು. ಒಬ್ಬನೇ ಇದ್ದರೂ! ಮನೆಯಲ್ಲಿ ಒಂದೇ ಮಗು ಇರುವವರು ಇದನ್ನು ಗಮನಿಸಬೇಕು.

ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಸೀಮೆಯ ದನಗಾಹಿಗೆ, ರೈತನಿಗೆ, ಅವರ ಮಕ್ಕಳಿಗೆ ಪ್ರಾಕೃತ ಮನೆಮಾತಾಗಿರಲಿಕ್ಕಿಲ್ಲ. ಓದಿದವನು ಒಂದು ಭಾಷೆಯಲ್ಲಿ ಓದಿ, ಕೇಳುವವರ ಭಾಷೆಯಲ್ಲಿ ಬಿಡಿಸಿ ಹೇಳಿರಲೇಬೇಕು. ಇವತ್ತು ಬ್ಯಾರಿ ಮನೆಯ ಉಮ್ಮ ಕನ್ನಡ ಪುಸ್ತಕ ಹಿಡಿದು ಮಗುವಿನ ಹತ್ತಿರ ಕುಳಿತರೆ ಮಾಡಬೇಕಾದ ಕೆಲಸವೂ ಅದೇ. ಅಂದ ಹಾಗೆ, ನಮ್ಮ ಮಕ್ಕಳಿಗೆ ಖುಷಿಯಾಗುವ ಇನ್ನೊಂದು ಸಂಗತಿ ಉಂಟು. ಈ ಮೂರು ಶಾಸನಗಳನ್ನು ಬರೆದ ಲಿಪಿಕಾರನ ಹೆಸರು ಚಪಡ. ತನ್ನ ಹೆಸರಿನ ಜೊತೆ ‘ಲಿಪಿಕಾರ’ ಎಂಬ ಅರ್ಥದ ಮಾತನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯನ್ನು ಓದುವುದು ಬಲದಿಂದ ಎಡಕ್ಕೆ, ನಾವು ಅರಬಿ ಓದುವ ಹಾಗೆಯೇ. ಮದರಸದಲ್ಲಿ ಇದನ್ನು ಹೇಳಿ ನೋಡಿ, ಹಿಂದಿನ ಬೆಂಚಿನವನೂ ಕಿವಿ ನೆಟ್ಟಗೆ ಮಾಡುತ್ತಾನೆ.

ನಮ್ಮ ಮಕ್ಕಳ ಪರಿಸ್ಥಿತಿ ನೋಡುವಾ. ಏಳೆಂಟು ವರ್ಷಕ್ಕೆ ಅರಬಿ ಅಕ್ಷರ, ಕನ್ನಡ ಅಕ್ಷರ, ಇಂಗ್ಲಿಷ್ ಅಕ್ಷರ ಮೂರೂ ಬರುತ್ತವೆ. ಮೂರನ್ನೂ ಜೋಡಿಸಿ ಓದುತ್ತಾರೆ. ಓದಿದ್ದರಲ್ಲಿ ಏನುಂಟು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಮನಸ್ಸಿಗೆ ಬಂದ ಮಾತನ್ನು ಆಡುವ ಭಾಷೆ ಬ್ಯಾರಿ, ಅದರಲ್ಲಿ ಓದಲಿಕ್ಕೆ ಪುಸ್ತಕ ಕಡಿಮೆ. ಓದಲಿಕ್ಕೆ ಪುಸ್ತಕ ಇರುವ ಭಾಷೆಗಳಲ್ಲಿ ಮನೆಯೊಳಗೆ ಯಾರೂ ಮಾತಾಡುವುದಿಲ್ಲ. ಇವೆರಡರ ನಡುವೆ ಒಂದು ತೋಡು ಹರಿಯುತ್ತಾ ಇದೆ, ದಾಟಲಿಕ್ಕೆ ಸಂಕ ಇಲ್ಲ. ಶಾಲೆಯ ಟೀಚರ್ ಆ ಸಂಕ ಕಟ್ಟಲಾರರು, ಅವರಿಗೆ ಬ್ಯಾರಿ ಬಾರದು. ಮದರಸದಲ್ಲಿ ನಮಗೆ ಸಿಗುವುದು ದಿನಕ್ಕೆ ಒಂದೆರಡು ಗಂಟೆ, ಅದರಲ್ಲಿ ಮುಗಿಸಬೇಕಾದ ಪಾಠ ಬೇರೆಯೇ ಉಂಟು. ಉಳಿದದ್ದು ಮನೆ. ಇಶಾ ಮುಗಿದು, ಊಟವಾಗಿ, ಮಗು ಚಾಪೆಗೆ ಬರುವ ಹೊತ್ತಿನ ಹದಿನೈದು ನಿಮಿಷ. ಈಗ ಆ ಹದಿನೈದು ನಿಮಿಷವನ್ನು ಮೊಬೈಲ್ ತೆಗೆದುಕೊಂಡಿದೆ, ಅದು ಎಲ್ಲರಿಗೂ ಗೊತ್ತಿರುವ ವಿಷಯ, ಬೈದು ಪ್ರಯೋಜನವಿಲ್ಲ.

ಜೋರಾಗಿ ಓದುವುದು ನಮ್ಮ ಮನೆಗಳಿಗೆ ಹೊಸತೇನೂ ಅಲ್ಲ ಮಾರಾಯ್ರೆ. ಗುರುವಾರ ರಾತ್ರಿ ದೀಪದ ಸುತ್ತ ಹೆಂಗಸರು ಕುಳಿತು ಮೊಹಿಯುದ್ದೀನ್ ಮಾಲೆ ಹಾಡುತ್ತಿದ್ದದ್ದು ಐವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಅರಬಿ ಮಲಯಾಳಂನಲ್ಲಿ ಕಟ್ಟಿದ ಹಾಡು ಅದು. ಮಲಬಾರಿನಿಂದ ಮಂಗಳೂರಿನವರೆಗೆ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಅರಬಿ ಮಲಯಾಳಂ ಲಿಪಿಯ ಸಣ್ಣ ಪುಸ್ತಕ ಹಿಡಿದು ಇಂಥ ಮಾಲೆಗಳನ್ನು ಓದುತ್ತಿದ್ದರು. ಸರಕಾರದ ಲೆಕ್ಕದಲ್ಲಿ ಅವರು ಅನಕ್ಷರಸ್ಥರು! ಮಾಲೆ ಹಾಡುವುದರ ಬಗ್ಗೆ ನಮ್ಮಲ್ಲೇ ಬೇರೆ ಬೇರೆ ಅಭಿಪ್ರಾಯ ಉಂಟು, ಆ ಚರ್ಚೆ ಇಲ್ಲಿ ಬೇಡ. ನಾವು ಹೇಳುವುದು ಇಷ್ಟೇ: ಆ ಮಡಿಲಲ್ಲಿ ಮಲಗಿದ ಮಗುವಿಗೆ ಪುಸ್ತಕ ಅಂದರೆ ಉಮ್ಮನ ದನಿ. ಪುಸ್ತಕ ಅಂದರೆ ಪರೀಕ್ಷೆ ಎಂದಾದದ್ದು ಆಮೇಲೆ.

ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಎಂಬ ಕಾಡುಗೊಲ್ಲರ ಮುದುಕಿ ಇದ್ದರು. ಅಕ್ಷರ ಗೊತ್ತಿಲ್ಲದ ಅವರಿಗೆ ಸಾವಿರಾರು ಹಾಡು ಬಾಯಲ್ಲಿತ್ತು. ಕೃಷ್ಣಮೂರ್ತಿ ಹನೂರರು ಅವನ್ನು ಕೇಳಿ ಬರೆದುಕೊಂಡು ಪುಸ್ತಕ ಮಾಡಿದ್ದಾರೆ. ‘ನನಗೆ ಕನ್ನಡ ಸರಿಯಾಗಿ ಓದ್ಲಿಕ್ಕೆ ಬರೂದಿಲ್ಲ ಉಸ್ತಾದ್’ ಎನ್ನುವ ಉಮ್ಮಂದಿರಿಗೆ ನಾವು ಸಿರಿಯಜ್ಜಿಯ ಹೆಸರು ಹೇಳುವುದುಂಟು. ಪುಸ್ತಕದ ಚಿತ್ರ ನೋಡಿ ಬ್ಯಾರಿಯಲ್ಲಿ ಕಥೆ ಹೇಳಿ, ಸಾಕು. ಸಾಲುಗಳನ್ನು ಮಗುವೇ ಓದಲಿ. ಎರಡನೇ ಕ್ಲಾಸಿನ ಹುಡುಗಿ ಉಮ್ಮನಿಗೆ ಓದಿ ಹೇಳಿದರೂ ಅದು ಓದಿ ಹೇಳಿದ್ದೇ.

ಇನ್ನು ಪುಸ್ತಕಗಳ ಮಾತು. ತೀರ ಸಣ್ಣವರಿಗೆ ಪ್ರಾಸ ಬೇಕು, ಕುಣಿತ ಬೇಕು. ನಮ್ಮ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ‘ಕವಿಶಿಷ್ಯ’ ಎಂಬ ಹೆಸರಲ್ಲಿ ಬರೆದ ಶಿಶುಗೀತೆಗಳು ನೂರು ವರ್ಷ ಕಳೆದರೂ ಹಳತಾಗಿಲ್ಲ. ಅವರ ‘ಹೇನು ಸತ್ತು ಕಾಗೆ ಬಡವಾಯಿತು’ ಕಥೆಯನ್ನು ಓದಿ ನೋಡಿ. ಒಂದಕ್ಕೊಂದು ಸರಪಳಿ ಹಾಕಿಕೊಂಡು ಹೋಗುವ ಕಥೆ. ಎರಡನೇ ಸಲ ಓದುವಾಗ ಮುಂದಿನ ಕೊಂಡಿಯನ್ನು ಮಗುವೇ ಹೇಳುತ್ತದೆ, ಮೂರನೇ ಸಲ ನಿಮಗೆ ಓದಲು ಬಿಡುವುದೇ ಇಲ್ಲ. ಕನ್ನಡ ಬಾರದ ಮಗುವಿನ ಬಾಯಿಗೆ ಕನ್ನಡದ ವಾಕ್ಯ ಪೂರ್ತಿಯಾಗಿ ಬರಿಸಲಿಕ್ಕೆ ಇದಕ್ಕಿಂತ ಸುಲಭದ ದಾರಿ ನಾವು ಕಂಡಿಲ್ಲ. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯೂ ಈ ಸಾಲಿನದ್ದೇ. ಬೇರೆ ಬೇರೆ ಕವಿಗಳ ಮಕ್ಕಳ ಪದ್ಯ ಒಂದೇ ಕಡೆ ಬೇಕು ಅನ್ನುವವರಿಗೆ ಬೊಳುವಾರು ಮಹಮದ್ ಕುಂಞಿ ಸಂಪಾದಿಸಿದ ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಉಂಟು.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಒಂದೇ ಉಸಿರಿಗೆ ಜೋರಾಗಿ ಓದಬೇಕು. ಇಲಿಗಳ ಪಟ್ಟಿ ಬರುವಲ್ಲಿ ನಾಲಗೆ ತೊಡರಿದರೆ ಮಕ್ಕಳು ನಗುತ್ತಾರೆ, ನಗಲಿ. ಮೂಲದಲ್ಲಿ ಇದು ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿ ಹಾಸಿಗೆ ಹಿಡಿದಿದ್ದ ಒಬ್ಬ ಹುಡುಗನಿಗಾಗಿ ಬರೆದ ಹಾಡು, 1842ರಲ್ಲಿ ಅಚ್ಚಾಯಿತು. ಕುವೆಂಪು ಅದನ್ನು ತುಂಗೆಯ ತೀರಕ್ಕೆ ತಂದರು. ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರ ಊರು ಚಳ್ಳಕೆರೆ ತಾಲೂಕಿನ ತಳುಕು. ಶಿಷ್ಯ ತನ್ನ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ್ದು ಅವರಿಗೇ. ಬಂಡೆಯ ಮೇಲೆ ಬರೆದದ್ದನ್ನು ಆ ಸೀಮೆಯವರು ಪಾಲಿಸಿದ್ದಾರೆ ಅನ್ನಬಹುದು!

ಪಂಚತಂತ್ರ ಎಲ್ಲರಿಗೂ ಗೊತ್ತು. ಅದು ನಮ್ಮದೂ ಹೌದು ಎನ್ನುವುದು ಎಷ್ಟು ಜನರಿಗೆ ಗೊತ್ತು? ಪರ್ಷಿಯಾದ ವೈದ್ಯ ಬುರ್ಝೋಯ್ ಅದನ್ನು ಪಹ್ಲವಿ ಭಾಷೆಗೆ ತಂದ, ಅದರಿಂದ 8ನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಅರಬಿಗೆ ತಂದರು. ಕರಟಕ, ದಮನಕ ಎಂಬ ನರಿಗಳು ಅರಬಿಯಲ್ಲಿ ಕಲೀಲ, ದಿಮ್ನ ಆದವು, ಪುಸ್ತಕದ ಹೆಸರೂ ‘ಕಲೀಲ ವ ದಿಮ್ನ’ ಎಂದಾಯಿತು. ಅರಬಿ ಗದ್ಯ ಕಲಿಯುವವರು ಇಂದಿಗೂ ಅದನ್ನು ಓದುತ್ತಾರೆ. ಕನ್ನಡದಲ್ಲಿ ದುರ್ಗಸಿಂಹ 1031ರ ಹೊತ್ತಿಗೇ ಪಂಚತಂತ್ರ ಬರೆದ. ಎರಡು ಹಕ್ಕಿಗಳು ಕೋಲಿನ ಎರಡು ತುದಿ ಕಚ್ಚಿ, ನಡುವೆ ಆಮೆಯನ್ನು ಹೊತ್ತು ಹಾರುವ ಕಥೆ ಸಂಸ್ಕೃತದಲ್ಲೂ ಉಂಟು, ಅರಬಿಯಲ್ಲೂ ಉಂಟು. ಮಗುವಿಗೆ ಕಥೆ ಓದಿ, ಆ ಕಥೆ ಊರಿಂದೂರಿಗೆ ಹೋದ ಕಥೆಯನ್ನೂ ಹೇಳಿ. ಅದು ಆಮೆಗಿಂತ ಸ್ವಾರಸ್ಯವಾಗಿದೆ. ಆಮೆ ಬಾಯಿ ಬಿಟ್ಟು ಬಿದ್ದಿತು, ಕಥೆ ಬೀಳಲಿಲ್ಲ.

ನಮ್ಮ ಆಯ್ಕೆಯಲ್ಲಿ ಮೊದಲ ಜಾಗ ಪ್ರೇಮಚಂದರ ‘ಈದ್ಗಾ’ಕ್ಕೆ. 1933ರಲ್ಲಿ ಮೊದಲು ಪ್ರಕಟವಾದ ಕಥೆ. ಕನ್ನಡಕ್ಕೂ ಬಂದಿದೆ. ಹಾಮಿದ್ ಎಂಬ ನಾಲ್ಕೈದು ವರ್ಷದ ಹುಡುಗ, ತಂದೆ ತಾಯಿ ಇಲ್ಲ, ಅಜ್ಜಿ ಅಮೀನ ಸಾಕುತ್ತಾಳೆ. ಪೆರ್ನಾಲ್ ದಿನ ಊರವರ ಜೊತೆ ದೂರದ ಈದ್ಗಾಕ್ಕೆ ಹೊರಡುತ್ತಾನೆ, ಕೈಯಲ್ಲಿ ಮೂರೇ ಪೈಸೆ. ಜೊತೆಗಾರರು ತೊಟ್ಟಿಲಾಡುತ್ತಾರೆ, ಮಿಠಾಯಿ ತಿನ್ನುತ್ತಾರೆ, ಮಣ್ಣಿನ ಪೊಲೀಸ್, ವಕೀಲ, ನೀರು ಹೊರುವ ಭಿಶ್ತಿಯ ಗೊಂಬೆ ಕೊಳ್ಳುತ್ತಾರೆ. ಹಾಮಿದ್ ಕಬ್ಬಿಣದ ಇಕ್ಕಳ ಕೊಳ್ಳುತ್ತಾನೆ. ರೊಟ್ಟಿ ಸುಡುವಾಗ ಅಜ್ಜಿಯ ಬೆರಳು ಕಾವಲಿಗೆ ತಾಗಿ ಸುಡುತ್ತದಲ್ಲ, ಅದಕ್ಕೆ. ದಾರಿಯಲ್ಲಿ ಹುಡುಗರು ತಮಾಷೆ ಮಾಡುವಾಗ ಅವನು ಇಕ್ಕಳದ ಪರ ವಾದ ಮಾಡುವ ಭಾಗ ಉಂಟು, ಅದನ್ನು ಓದುವಾಗ ದನಿ ಬದಲಿಸಿ ಓದಬೇಕು. ಮಕ್ಕಳು ಹೊಟ್ಟೆ ಹಿಡಿದು ನಗುತ್ತಾರೆ. ಕೊನೆಗೆ ಅಜ್ಜಿ ಮೊದಲು ಬೈಯುತ್ತಾಳೆ, ಆಮೇಲೆ ಅಳುತ್ತಾಳೆ. ಅಲ್ಲಿ ಓದುವವರ ಗಂಟಲು ಕಟ್ಟುತ್ತದೆ, ಇದು ಗ್ಯಾರಂಟಿ. ಮಕ್ಕಳು ಆಗ ನಿಮ್ಮ ಮುಖ ನೋಡುತ್ತಾರೆ. ನೋಡಲಿ. ದೊಡ್ಡವರಿಗೂ ಪುಸ್ತಕ ಓದಿ ಅಳು ಬರುತ್ತದೆ ಎಂಬುದನ್ನು ಮಗು ಇನ್ನೆಲ್ಲಿ ನೋಡಬೇಕು? ಈ ಕಥೆಯನ್ನು ಪೆರ್ನಾಲ್‌ನ ಹಿಂದಿನ ರಾತ್ರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಹತ್ತು ದಾಟಿದ ಮಕ್ಕಳಿದ್ದರೆ ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮನ ಆಡು’. ಮಲಯಾಳಂನಲ್ಲಿ 1959ರಲ್ಲಿ ಬಂದ ಸಣ್ಣ ಕಾದಂಬರಿ, ಕನ್ನಡದಲ್ಲಿ ಸಿಗುತ್ತದೆ. ಮನೆ ತುಂಬ ಜನ, ಉಮ್ಮ, ತಮ್ಮಂದಿರು, ತಂಗಿಯರು, ನಾದಿನಿಯರು, ಮಕ್ಕಳು, ಕೋಳಿ, ಬೆಕ್ಕು. ಅದರ ನಡುವೆ ತಂಗಿ ಪಾತುಮ್ಮನ ಆಡು. ಅದು ಸಿಕ್ಕಿದ್ದೆಲ್ಲ ತಿನ್ನುತ್ತದೆ, ಬಷೀರರೇ ಬರೆದ ಪುಸ್ತಕಗಳನ್ನೂ ತಿನ್ನುತ್ತದೆ. ಪುಸ್ತಕ ಮುಗಿಸಿ ಕಂಬಳಿಗೆ ಬಾಯಿ ಹಾಕಿದಾಗ ಬಷೀರರು ಓಡಿ ಬರುತ್ತಾರೆ: ಪುಸ್ತಕಕ್ಕಾದರೆ ಬೇರೆ ಪ್ರತಿ ಉಂಟು, ಕಂಬಳಿ ಇರುವುದು ಒಂದೇ! ಈ ಪುಸ್ತಕವನ್ನು ಬ್ಯಾರಿ ಮನೆಯಲ್ಲಿ ಓದಿದರೆ ಅದು ಕೇರಳದ ಮನೆ ಎನ್ನುವುದು ಎರಡು ಪುಟದೊಳಗೆ ಮರೆತು ಹೋಗುತ್ತದೆ. ಇದು ನಮ್ಮ ಉಮ್ಮ, ಇದು ನಮ್ಮ ಅತ್ತಿಗೆ ಎಂದು ಮಕ್ಕಳು ಗುರುತು ಹಿಡಿಯಲಿಕ್ಕೆ ಶುರು ಮಾಡುತ್ತಾರೆ. ಹಾಗೆ ಗುರುತು ಹಿಡಿಯುವಾಗ ಅತ್ತಿಗೆ ಪಕ್ಕದಲ್ಲಿಲ್ಲ ಅಂತ ನೋಡಿಕೊಳ್ಳಿ. ಅಲ್ಲೊಂದು ಇಲ್ಲೊಂದು ಸಾಲು ಮಕ್ಕಳಿಗೆ ಬೇಡ ಎನಿಸಿದರೆ ಹಾರಿಸಿ ಓದಿ, ಯಾರೂ ಕೇಳುವುದಿಲ್ಲ.

ಬೊಳುವಾರರ ‘ಪಾಪು ಗಾಂಧಿ ಬಾಪು ಗಾಂಧಿ ಆದ ಕಥೆ’ಗೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಪುತ್ತೂರಿನ ಮಣ್ಣಿನ ಲೇಖಕರ ಪುಸ್ತಕ, ಆಗಸ್ಟ್ ತಿಂಗಳಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪ ಓದಲಿಕ್ಕೆ ಒಳ್ಳೆಯದು. ಪುತ್ತೂರಿನಲ್ಲೇ ಬಾಲವನ ಕಟ್ಟಿದ ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಸಂಪುಟಗಳು ಹಳೆಯ ಲೈಬ್ರರಿಗಳಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ. ಅದರ ವಿಜ್ಞಾನ ಹಳತಾಗಿದೆ, ಮಕ್ಕಳ ಜೊತೆ ಮಾತಾಡುವ ರೀತಿ ಹಳತಾಗಿಲ್ಲ.

ತೆತ್ಸುಕೊ ಕುರೊಯಾನಗಿ ಎಂಬ ಜಪಾನಿನ ಲೇಖಕಿಯ ‘ತೊತ್ತೊ ಚಾನ್’ ಕೂಡ ಕನ್ನಡದಲ್ಲಿ ಉಂಟು. ಚಿಕ್ಕ ಚಿಕ್ಕ ಅಧ್ಯಾಯ, ರಾತ್ರಿಗೆ ಒಂದೊಂದು. ಒಂದು ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಪೋಕರಿ ಹುಡುಗಿ ರೈಲು ಬೋಗಿಗಳೇ ತರಗತಿಯಾಗಿರುವ ಇನ್ನೊಂದು ಶಾಲೆಗೆ ಬರುತ್ತಾಳೆ. ಅಲ್ಲಿಯ ಮುಖ್ಯೋಪಾಧ್ಯಾಯ ಕೊಬಾಯಾಶಿ ಮೊದಲ ದಿನವೇ ಅವಳ ಮಾತನ್ನು ನಾಲ್ಕು ಗಂಟೆ ಕೂತು ಕೇಳುತ್ತಾರೆ. ಈ ಒಂದು ಅಧ್ಯಾಯವನ್ನು ಎಲ್ಲ ಉಸ್ತಾದರೂ, ಟೀಚರುಗಳೂ ವರ್ಷಕ್ಕೊಮ್ಮೆ ಓದಬೇಕು ಎಂದು ನಮ್ಮ ಅಭಿಪ್ರಾಯ.

ಪ್ರವಾದಿಗಳ ಕಥೆಗಳನ್ನು ಬೇರೆಯಾಗಿ ಹೇಳಬೇಕಾಗಿಲ್ಲ, ಅದು ಎಲ್ಲ ಮನೆಯಲ್ಲೂ ನಡೆಯುತ್ತದೆ. ಒಂದೇ ಮಾತು. ಯೂಸುಫ್ ನಬಿಯವರ ಚರಿತ್ರೆ ಹೇಳುವಾಗ ಬಾವಿಯಿಂದ ನೇರ ಅರಮನೆಗೆ ಹಾರಬೇಡಿ. ಬಾವಿಯೊಳಗೆ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿಯ ಕತ್ತಲೆಯ ಬಗ್ಗೆ ಮಕ್ಕಳಿಗೆ ಕೇಳಲಿಕ್ಕೆ ಬಹಳ ಇರುತ್ತದೆ.

ಓದುವ ಕ್ರಮದ ಬಗ್ಗೆ ಎರಡು ಮಾತು. ಕನ್ನಡದಲ್ಲಿ ಒಂದು ಪುಟ ಓದಿ, ಅದನ್ನೇ ಬ್ಯಾರಿಯಲ್ಲಿ ಹೇಳಿ, ಮತ್ತೆ ಕನ್ನಡಕ್ಕೆ ಬನ್ನಿ. ಒಂದೊಂದೇ ಶಬ್ದದ ಅರ್ಥ ಹೇಳುತ್ತಾ ಕುಳಿತರೆ ಕಥೆ ಸತ್ತು ಹೋಗುತ್ತದೆ. ಅಲ್ಲಿ ಚಳ್ಳಕೆರೆ ಕಡೆಯ ಮುಸ್ಲಿಂ ಮನೆಗಳಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ ಮತ್ತು ತೆಲುಗು. ಆ ಮಕ್ಕಳಿಗೂ ಇದೇ ಕ್ರಮ ಹೊಂದುತ್ತದೆ. ಬ್ಯಾರಿಯಲ್ಲಿ ಹೇಳಿದರೆ ಕನ್ನಡ, ಇಂಗ್ಲಿಷ್ ಹಾಳಾಗುತ್ತದೆ ಎಂಬ ಹೆದರಿಕೆ ಕೆಲವು ಮನೆಯಲ್ಲಿ ಉಂಟು. ಮನೆಮಾತಿನಲ್ಲಿ ಕಥೆ ಗಟ್ಟಿಯಾಗಿ ಕೂತ ಮಗುವಿಗೆ ಅದೇ ಕಥೆ ಇನ್ನೊಂದು ಭಾಷೆಯಲ್ಲಿ ಬಂದರೆ ಗುರುತು ಸಿಗುತ್ತದೆ, ಗುರುತು ಸಿಕ್ಕಿದ ಮೇಲೆ ಭಾಷೆ ತಾನಾಗಿ ಹತ್ತುತ್ತದೆ. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಸ್ಥಾಪನೆಯಾಯಿತು. ಅಲ್ಲಿಂದ ಕವಿಗೋಷ್ಠಿಗಳು ಬೇಕಾದಷ್ಟು ಆಗಿವೆ. ಚಾಪೆಯ ಮೇಲೆ ಮಲಗಿ ಓದುವ ಬಣ್ಣದ ಚಿತ್ರದ ಬ್ಯಾರಿ ಮಕ್ಕಳ ಪುಸ್ತಕ ಇನ್ನೂ ಬೇಕು, ಒಂದಲ್ಲ, ಒಂದು ಕಪಾಟು ತುಂಬ ಬೇಕು. ಬರೆಯುವವರು ನಮ್ಮಲ್ಲಿ ಇದ್ದಾರೆ. ಅವರು ಸನ್ಮಾನ ಪತ್ರಗಳಿಗೆ ಬರೆಯುವುದನ್ನು ಸ್ವಲ್ಪ ಕಡಿಮೆ ಮಾಡಿದರೆ ಆದೀತು.

ಇನ್ನೊಂದು. ಕಥೆ ಮುಗಿದ ಕೂಡಲೇ ‘ಇದರಿಂದ ಏನು ಪಾಠ ಕಲಿತೆ?’ ಎಂದು ಕೇಳಬೇಡಿ. ಅದು ತರಗತಿಯ ಕೆಲಸ, ಚಾಪೆಯದ್ದಲ್ಲ. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಓದು ಎಂದರೆ ಇಪ್ಪತ್ತು ಸಲ ಓದಿ. ಮಾಲೆಯನ್ನು ನಮ್ಮ ಅಜ್ಜಿಯಂದಿರು ಒಂದು ಸಲ ಹಾಡಿ ಬಿಟ್ಟರಾ?

ದುಡ್ಡಿನ ವಿಷಯ. ಒಂದು ಪ್ಲೇಟ್ ಬಿರಿಯಾನಿಯ ಕ್ರಯಕ್ಕೆ ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್‌ನ ಒಂದಕ್ಕಿಂತ ಹೆಚ್ಚು ಮಕ್ಕಳ ಪುಸ್ತಕ ಬರುತ್ತದೆ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಕನ್ನಡದ ಕಥೆಗಳನ್ನು ಮೊಬೈಲ್‌ನಲ್ಲೇ ಪುಕ್ಕಟೆ ಓದಬಹುದು. ಗ್ರಾಮ ಪಂಚಾಯತ್ ಲೈಬ್ರರಿಗಳಲ್ಲಿ 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಉಂಟು. ಉಮ್ಮಂದಿರು ಅಲ್ಲಿಗೆ ಹೋಗುವುದು ಕಡಿಮೆ, ಗಂಡಸರು ಪೇಪರ್ ಓದುವ ಜಾಗ ಎಂದು ಬಿಟ್ಟಿದ್ದಾರೆ. ಮಗುವಿನ ಕೈ ಹಿಡಿದು ಹೋಗಿ, ಯಾರೂ ಏನೂ ಹೇಳುವುದಿಲ್ಲ.

ಬಾಪ ಗಲ್ಫ್‌ನಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಇಲ್ಲಿ ರಾತ್ರಿ ಎಂಟೂವರೆ ಆಗುವಾಗ ದುಬೈಯಲ್ಲಿ ಏಳು, ರಿಯಾದಿನಲ್ಲಿ ಆರು. ಫೋನ್ ಮಾಡಿ ‘ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ’ ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತು ಮುಗಿಯುತ್ತದೆ. ಅದರ ಬದಲು ಒಂದೇ ಪುಸ್ತಕದ ಎರಡು ಪ್ರತಿ ತೆಗೆದುಕೊಂಡು ಒಂದನ್ನು ಅವರ ಕೈಯಲ್ಲಿ ಕಳಿಸಿ. ಡ್ಯೂಟಿ ಮುಗಿದ ಮೇಲೆ ಅವರು ಅಲ್ಲಿಂದ ಓದಲಿ, ಮಗು ಇಲ್ಲಿ ಪುಟ ತಿರುಗಿಸಲಿ. ಹೊತ್ತು ಹೊಂದದ ದಿನ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಹಾಕಿದರೂ ನಡೆಯುತ್ತದೆ, ಮಗು ಅದನ್ನು ಮತ್ತೆ ಮತ್ತೆ ಕೇಳುತ್ತದೆ. ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಕಟ್ಟುವ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ಪುಟದ ಪುಸ್ತಕಕ್ಕೆ ಜಾಗ ಇರುತ್ತದೆ. ತೂಕವೂ ಹೆಚ್ಚು ಬರುವುದಿಲ್ಲ.